ಹಿಂದಿನ ಸೀಟಿನ ದಿನ

ಶಿಕಾರಿಪುರದಿಂದ ಹೊರಡುವ ಜೀಪಿನಲ್ಲಿ ಡಾಕ್ಟರು ಮುಂದಿನ ಸೀಟಿನಲ್ಲಿ ಕೂತರೆ ಆ ದಿನ ಸೊರಬದ ಆಪರೇಶನ್ ಥಿಯೇಟರಿನಲ್ಲಿ ಮನುಷ್ಯರು ಮಾತಾಡಬಹುದು. ಹಿಂದೆ ಕೂತು ಕಣ್ಣು ಮುಚ್ಚಿದರೆ ಯಾರೂ ಬಾಯಿ ತೆರೆಯಬಾರದು. ನಾನು ಕೆಲಸಕ್ಕೆ ಸೇರುವ ಮೊದಲೇ ಈ ನಿಯಮ ಜಾರಿಯಲ್ಲಿತ್ತು. ಶಿರಾಳಕೊಪ್ಪ ದಾಟಿದ ಮೇಲೆ ಡ್ರೈವರ್ ಚಹಾಕ್ಕೆಂದು ಗಾಡಿ ನಿಲ್ಲಿಸುತ್ತಿದ್ದ. ಅಂಗಡಿಯ ಮಗ್ಗುಲಿಗೆ ಹೋಗಿ ಸೊರಬದ ಸಿಸ್ಟರಿಗೆ ಫೋನು ಹಚ್ಚಿ, "ಇವತ್ತು ಹಿಂದಿನ ಸೀಟ್ ರೀ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದ. ನಾವು ತಲುಪುವ ಹೊತ್ತಿಗೆ ಅಲ್ಲಿನ ಕಾರಿಡಾರಿನಲ್ಲಿ ಚಪ್ಪಲಿಯ ಸದ್ದೂ ಇರುತ್ತಿರಲಿಲ್ಲ.

ನಮ್ಮದು ಹೆಂಗಸರಿಗೆ ಮಕ್ಕಳಾಗದಂತೆ ಆಪರೇಶನ್ ಮಾಡುವ ತಂಡ. ಕ್ಯಾಂಪು ನಿಗದಿಯಾದ ದಿನ ಡಾಕ್ಟರು ಶಿಕಾರಿಪುರದಿಂದ ಸೊರಬಕ್ಕೆ ಹೋಗಬೇಕು. ಅವರ ಜೊತೆ ಥಿಯೇಟರ್ ಟೆಕ್ನಿಶಿಯನ್ ಆಗಿ ನಾನು, ಅದೂ ಗುತ್ತಿಗೆಯ ಮೇಲೆ. ಹೊಕ್ಕುಳಿನ ಹತ್ತಿರ ಸಣ್ಣ ಗಾಯ ಮಾಡಿ, ಹೊಟ್ಟೆಗೆ ಗಾಳಿ ತುಂಬಿ, ಕೊಳವೆಯಂಥ ದುರ್ಬೀನು ಇಳಿಸಿ, ಗರ್ಭನಾಳಕ್ಕೆ ರಬ್ಬರಿನ ಉಂಗುರ ಹಾಕುತ್ತಾರೆ. ಉಂಗುರ ಏರಿಸಿಕೊಡುವುದು, ದುರ್ಬೀನನ್ನು ಒಬ್ಬರಿಂದ ಇನ್ನೊಬ್ಬರಿಗೆ ಬಳಸುವ ನಡುವೆ ಔಷಧಿಯ ಟ್ರೇಯಲ್ಲಿ ಮುಳುಗಿಸಿ ಶುದ್ಧ ಮಾಡುವುದು, ಬೆಳಕಿನ ಕೇಬಲ್ಲು, ಗ್ಯಾಸು, ಸಕ್ಷನ್ ಯಂತ್ರ ನೋಡಿಕೊಳ್ಳುವುದು ನನ್ನ ಪಾಲು.

ಸೀಟಿನ ಭವಿಷ್ಯವನ್ನು ನಾನು ನಂಬಿರಲಿಲ್ಲ. ಕಾಲೇಜಿನ ದಿನಗಳೆಲ್ಲ ಚರ್ಚಾಸ್ಪರ್ಧೆಯಲ್ಲಿ ಕಳೆದವಳು ನಾನು. ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿ ಎರಡರಲ್ಲೂ ಗೆದ್ದು ಅಭ್ಯಾಸ. ಹಾಗಾಗಿ ಡ್ರೈವರನನ್ನು ಹಿಡಿದೆ.

"ಮುಂದೆ ಬಿಸಿಲು ಹೊಡೀತದೆ ಅಂತ ಹಿಂದೆ ಕೂತಿರಬಹುದಲ್ಲ ಅಣ್ಣಾ? ಅದಕ್ಕೂ ಸಿಟ್ಟಿಗೂ ಏನು ಸಂಬಂಧ?"

"ಸಂಬಂಧ ನಂಗೇನ್ ಗೊತ್ರಿ ಮೇಡಂ. ಬಿಸ್ಲು ಹೊಡದ್ರೂ ಮನುಷ್ಯಾಗ ಸಿಟ್ಟು ಬರ್ತೈತಲ್ರಿ. ನೀವು ನಂಬಬ್ಯಾಡ್ರಿ, ಹೋಗಿ ಬೈಸ್ಕೊಂಡು ಬರ್ರಿ."

ಬೈಸಿಕೊಂಡೇ ಬಂದೆ. ಡ್ರೈವರನ ಲೆಕ್ಕ ತಪ್ಪಿದ್ದು ಬಹಳ ಕಡಿಮೆ.

ಡಾಕ್ಟರ ಒರಟುತನಕ್ಕೆ ನಿರ್ದಿಷ್ಟ ಕಾರಣ ಬೇಕಿರಲಿಲ್ಲ. ಸಿಸ್ಟರಿಗೆ ಇವರಷ್ಟೇ ವಯಸ್ಸು, ಇವರಿಗಿಂತ ಹೆಚ್ಚು ಕಾಲ ಆ ಥಿಯೇಟರಿನಲ್ಲಿ ನಿಂತಿದ್ದಾರೆ. ಅವರನ್ನು ಹೆಂಗಸರ ಮುಂದೆಯೇ "ನಿನ್ನ ತಲೇಲಿ ಏನಿದೆ, ಸೆಗಣಿನಾ?" ಅನ್ನುವರು. ಗ್ಲೌಸಿನ ಸೈಜು ತಪ್ಪಿದರೆ ಅದನ್ನು ಕೈಗೆ ಕೊಡುತ್ತಿರಲಿಲ್ಲ, ಮುಖದ ಕಡೆಗೆ ಎಸೆಯುತ್ತಿದ್ದರು. ಸಿಸ್ಟರು ಅದನ್ನು ಹಿಡಿದು ಬಕೆಟ್ಟಿಗೆ ಹಾಕಿ, ಆಮೇಲೆ ಹೊರಗೆ ಹೋಗಿ ಆಯಾಳಿಗೆ ಬೈಯುವರು. ಆಯಾ ವಾರ್ಡಿಗೆ ಹೋಗಿ ಪೇಶಂಟುಗಳಿಗೆ ಬೈಯುವಳು. ಪೇಶಂಟುಗಳಿಗೆ ಬೈಯಲು ಯಾರೂ ಇರುತ್ತಿರಲಿಲ್ಲವಾದ್ದರಿಂದ ಅವರು ಸುಮ್ಮನೆ ಸೆರಗು ಬಾಯಿಗೆ ಹಿಡಿದುಕೊಂಡು ಕೂತಿರುತ್ತಿದ್ದರು.

ನಾನು ಮೊದಲು ಹಿಡಿದ ದಾರಿ ವಾದದ್ದು. ಒಂದು ದಿನ ದುರ್ಬೀನು ಇನ್ನೂ ಔಷಧಿಯಲ್ಲಿ ಮುಳುಗಿತ್ತು, ಹೊತ್ತು ತುಂಬಿರಲಿಲ್ಲ. ಡಾಕ್ಟರು ಕೈ ಚಾಚಿದರು.

"ಕೊಡು."

"ಇನ್ನೂ ಟೈಮ್ ಆಗಿಲ್ಲ ಸರ್."

"ನನಗೆ ಟೈಮ್ ಹೇಳಿಕೊಡ್ತೀಯಾ?"

"ನಾನಲ್ಲ ಸರ್, ಬಾಟಲಿ ಹೇಳ್ತಿದೆ. ಅರ್ಧಕ್ಕೆ ತೆಗೆಯೋದಾದರೆ ಮುಳುಗಿಸೋದೇ ಯಾಕೆ? ನೀರಲ್ಲಿ ಅದ್ದಿ ಕೊಡಬಹುದಲ್ಲ?"

ಅವರು ಚಾಚಿದ ಕೈ ಹಿಂದಕ್ಕೆ ತೆಗೆದರು. ಗೋಡೆಯ ಗಡಿಯಾರ ನೋಡುತ್ತ ನಿಂತರು. ನಾನು ಗೆದ್ದೆ. ಆದರೆ ಅವತ್ತು ಮಧ್ಯಾಹ್ನವಿಡೀ ನನಗೆ ಒಂದು ಮಾತೂ ಆಡದೆ, ಎಲ್ಲವನ್ನೂ ಸಿಸ್ಟರ ಮೇಲೆ ಇಳಿಸಿದರು. ಲೈಟು ಸರಿ ಇಲ್ಲ, ಬಟ್ಟೆ ಒದ್ದೆ, ಸೂಜಿ ಮೊಂಡು, ನಿನ್ನ ಕಣ್ಣು ಎಲ್ಲಿದೆ? ಸಂಜೆ ಸ್ಟೆರಿಲೈಸ್ ಮಾಡುವ ಡ್ರಮ್ಮು ತುಂಬುತ್ತ ಸಿಸ್ಟರು ನನ್ನ ಕಡೆ ತಿರುಗದೆಯೇ ಹೇಳಿದರು:

"ಎಂಥ ಮಾತಾಡ್ತಿ ಮಾರಾಯ್ತಿ ನೀನು, ಕೇಳಕೆ ಚಂದ. ಆದ್ರೆ ನಿನ್ನ ಪಾಲಿಂದೂ ನಂಗೇ ಬೀಳ್ತದೆ. ಇನ್ನು ಗೆಲ್ಲಬೇಡ."

ಚರ್ಚಾಸ್ಪರ್ಧೆಯಲ್ಲಿ ಸೋತವರು ವೇದಿಕೆ ಇಳಿದು ಮನೆಗೆ ಹೋಗುತ್ತಾರೆ. ಇಲ್ಲಿ ಸೋತವರು ಅಲ್ಲೇ ಇರುತ್ತಾರೆ, ಮುಂದಿನ ಕೇಸಿಗೆ ಕೈ ತೊಳೆದುಕೊಳ್ಳುತ್ತಾರೆ.

ಎರಡನೆಯದು ದೂರಿನ ದಾರಿ. ಆಸ್ಪತ್ರೆಯ ಆಡಳಿತ ನೋಡುವ ಹಿರಿಯ ವೈದ್ಯರ ಮುಂದೆ ಕೂತು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಅದು ದೊಡ್ಡದು. ಆಮೇಲೆ, "ಅವರ ಕೈ ಭಾಳ ಚಲೋ ಐತಮ್ಮಾ. ಇಷ್ಟು ವರ್ಷಕ್ಕೆ ಒಂದು ಕೇಸು ಕೆಡಿಸಿಲ್ಲ. ಅವರು ಬರಲ್ಲ ಅಂದರೆ ಸೊರಬಕ್ಕೆ ಬರೋರು ಇನ್ಯಾರು? ಕೈ ತಗೋ, ಬಾಯಿ ಬಿಟ್ಟುಬಿಡು" ಎಂದರು. ಎದ್ದು ಬಂದೆ. ಎದುರುವಾದ ಹೊಳೆಯಲಿಲ್ಲ. ಕೈ ಚೆನ್ನಾಗಿದ್ದದ್ದು ನಿಜ. ಬೆರಳಿನ ತುದಿಯಲ್ಲಿ ಕಣ್ಣಿದ್ದವರ ಹಾಗೆ ಕೆಲಸ ಮಾಡುತ್ತಿದ್ದರು.

ಆಮೇಲೆ ನಾನೂ ಎಲ್ಲರ ಹಾಗೆ ಸೀಟು ನೋಡಲು ಕಲಿತೆ. ಮೂರನೆಯ ದಾರಿ ಅದೇ, ಸುಮ್ಮನಿರುವುದು. ಅದರಿಂದ ಬರುವ ಆಯಾಸವೇ ಬೇರೆ. ಜಗಳ ಮಾಡಿದ ದಿನ ಮನೆಗೆ ಬಂದರೆ ನಿದ್ದೆ ಬರುತ್ತಿತ್ತು, ಸುಮ್ಮನಿದ್ದ ದಿನ ಬರುತ್ತಿರಲಿಲ್ಲ.

ಕೊಯ್ಲು ಮುಗಿದ ಮೇಲೆ ನಮಗೆ ಕೆಲಸ ಜಾಸ್ತಿ. ಮನೆಯಲ್ಲಿ ಹೆಂಗಸರಿಗೆ ಅಷ್ಟಿಷ್ಟು ಬಿಡುವು ಸಿಗುವುದು ಆಗಲೇ. ಆದರೆ ನಾನು ಹೇಳಹೊರಟ ದಿನ ಅದೇಕೋ ಬಂದವರು ಕಡಿಮೆ. ಡಾಕ್ಟರು ಹಿಂದಿನ ಸೀಟಿನಲ್ಲಿ ಬಂದಿದ್ದರು. ಡ್ರೈವರನ ಫೋನು ಸಿಸ್ಟರಿಗೆ ತಲುಪಿತ್ತು.

ಬಂದವರಲ್ಲಿ ಗುಡವಿ ಕಡೆಯ ಒಬ್ಬಳಿದ್ದಳು. ಮೂರು ಮಕ್ಕಳ ತಾಯಿ, ರಕ್ತವಿಲ್ಲದ ಬಿಳಿಚು ಮುಖ. ಗಂಡನಿಗೆ ಈ ಆಪರೇಶನ್ನಿಗೆ ಮನಸ್ಸಿರಲಿಲ್ಲ. ಅತ್ತೆಯೇ ಮಗನ ಬಾಯಿ ಮುಚ್ಚಿಸಿ ಸೊಸೆಯನ್ನು ಕರೆತಂದಿದ್ದಳು. ಇಷ್ಟನ್ನು ಆಕೆಯನ್ನು ಒಪ್ಪಿಸಿ ಕಳಿಸಿದ್ದ ಅವರೂರಿನ ಆಶಾ ಕಾರ್ಯಕರ್ತೆ ಸಿಸ್ಟರಿಗೆ ಮೊದಲೇ ತಿಳಿಸಿದ್ದಳು.

ಎರಡು ಕೇಸು ಮುಗಿದಿದ್ದವು. ನಾನು ಕೈ ತೊಳೆಯುವ ಜಾಗದಲ್ಲಿದ್ದೆ. ಸಿಸ್ಟರು ಬಂದು ನಲ್ಲಿ ಜೋರಾಗಿ ಬಿಟ್ಟರು. ಮಾತು ಒಳಗೆ ಕೇಳಬಾರದೆಂದು ಹಾಗೆ ಮಾಡುವುದು ಅಲ್ಲಿಯ ರೂಢಿ.

"ಗುಡವಿಯವಳು ತಿಂದುಬಿಟ್ಟಿದಾಳೆ ಕಣೆ. ಬಟ್ಟೆ ಬದಲಿಸುವಾಗ ಬಾಯಿಬಿಟ್ಲು. ಬೆಳಿಗ್ಗೆ ಇಲ್ಲೇ ಹೊರಗೆ ಕೂರಿಸಿ ಅತ್ತೆ ಅಕ್ಕಿ ರೊಟ್ಟಿ ತಿನ್ಸಿದಾಳೆ, ಚಾ ಬೇರೆ."

"ಸರ್‌ಗೆ ಹೇಳಿ."

"ಹೇಳಕೆ ನಂಗೆ ಹುಚ್ಚಾ? ಇವತ್ತು ಹಿಂದಿನ ಸೀಟು. ಒಳಗೆ ಬಿಟ್ಟವಳು ಯಾರು, ಕಾಯ್ದವಳು ಯಾರು ಅಂತ ಶುರು ಮಾಡ್ತಾರೆ. ಅವಳನ್ನ ಕೊನೆಗೆ ಹಾಕಿದೀನಿ. ಇಂಜೆಕ್ಷನ್ನೂ ಕೊಟ್ಟಿಲ್ಲ."

ಕೊನೆಗೆ ಹಾಕುವುದು ಸಿಸ್ಟರ ಹಳೆಯ ಉಪಾಯ. ಬೆಳಿಗ್ಗೆ ಕದ್ದು ತಿಂದವರು ಸಿಕ್ಕಿಬಿದ್ದರೆ ಅವರ ಸರದಿಯನ್ನು ಹಿಂದೆ ಹಿಂದೆ ತಳ್ಳುವುದು. ಸರದಿ ಉದ್ದವಿದ್ದರೆ ಸಂಜೆಯೊಳಗೆ ಹೊಟ್ಟೆ ಖಾಲಿಯಾಗುತ್ತದೆ, ಯಾರೂ ಬೈಸಿಕೊಳ್ಳಬೇಕಿಲ್ಲ. ಆದರೆ ಅವತ್ತು ಸರದಿ ಗಿಡ್ಡ. ಅವಳಿಗಿಂತ ಮುಂಚೆ ಉಳಿದದ್ದು ಒಬ್ಬಳೇ. ಆ ಕೇಸೂ ಮುಗಿಯಿತು.

"ಇನ್ನೊಬ್ಬಳು ಎಲ್ಲಿ? ತನ್ನಿ ಬೇಗ. ಊಟಕ್ಕೆ ಶಿಕಾರಿಪುರ ಮುಟ್ಟಬೇಕು" ಎಂದರು ಡಾಕ್ಟರು.

ಯಾಕೆ ಇಷ್ಟು ಹೆದರಿಕೆ ಎಂದು ಕೇಳುವವರಿಗೆ ಹೇಳುತ್ತೇನೆ. ಈ ಆಪರೇಶನ್ನಿನಲ್ಲಿ ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಮೇಜನ್ನು ತಲೆ ಕೆಳಗಾಗುವಂತೆ ಓರೆ ಮಾಡಿ, ಹೊಟ್ಟೆಗೆ ಗಾಳಿ ತುಂಬುತ್ತೇವೆ. ಹೊಟ್ಟೆಯಲ್ಲಿ ರೊಟ್ಟಿ ಇದ್ದರೆ ಅದು ಗಂಟಲಿಗೆ ಬರುತ್ತದೆ. ಮಂಪರಿನಲ್ಲಿರುವವಳಿಗೆ ಕೆಮ್ಮಿ ಹೊರಹಾಕುವ ಎಚ್ಚರ ಇರುವುದಿಲ್ಲ, ಶ್ವಾಸಕೋಶಕ್ಕೇ ಇಳಿಯುತ್ತದೆ. ಆಗ ಎಳೆದು ತೆಗೆಯಬೇಕಾದ ನಮ್ಮ ಸಕ್ಷನ್ ಯಂತ್ರದ ಜಾರಿನ ಮುಚ್ಚಳ ಸೋರುತ್ತಿತ್ತು.

ಸಿಸ್ಟರು ನನ್ನ ಮುಖ ನೋಡಿದರು. ನಾನು ಉಂಗುರ ಏರಿಸುವುದನ್ನು ನಿಲ್ಲಿಸಿದೆ.

"ಸರ್, ಆಕೆ ಬೆಳಿಗ್ಗೆ ತಿಂದಿದ್ದಾಳೆ. ಇವತ್ತು ಬೇಡ."

"ಯಾರು ಹೇಳಿದ್ದು?"

"ಯಾರು ಹೇಳಿದ್ರೂ ತಿಂದಿರೋದು ತಿಂದಿರೋದೇ ಅಲ್ವಾ ಸರ್?"

"ನಿನ್ನ ಭಾಷಣ ಬೇಡ. ಯಾವಳು ಹೇಳಿದ್ದು?"

ಸಿಸ್ಟರು ತಲೆ ತಗ್ಗಿಸಿ ಡ್ರಮ್ಮಿನ ಚಿಲಕ ನೋಡುತ್ತಿದ್ದರು. ಅವರ ಹೆಸರು ನನ್ನ ಬಾಯಿಂದ ಬರುವಂತಿರಲಿಲ್ಲ. ಡಾಕ್ಟರು ಆ ಹೆಂಗಸನ್ನೇ ಒಳಗೆ ಕರೆಸಿದರು. ಹಸಿರು ಗೌನಿನಲ್ಲಿ ಆಕೆ ಇನ್ನೂ ಸಣ್ಣಗೆ ಕಾಣುತ್ತಿದ್ದಳು.

"ಏಯ್, ಬೆಳಿಗ್ಗೆ ಏನಾದ್ರೂ ತಿಂದೀಯೇನೇ?"

ಥಿಯೇಟರಿನ ಗೋಡೆಗಳಿಗೆ ಬಡಿದು ಬರುವಂಥ ದನಿ. ಆಕೆ ಹಿಂದಕ್ಕೆ ಸರಿದಳು.

"ಇಲ್ರೀ. ನೀರು ಸೈತ ಕುಡ್ದಿಲ್ರೀ."

"ಕೇಳಿಸ್ತಾ?" ಡಾಕ್ಟರು ನನ್ನ ಕಡೆ ತಿರುಗಿದರು. "ಎರಡು ಕಪ್ ಗೆದ್ದು ಬಂದುಬಿಡ್ತಾರೆ, ಡಾಕ್ಟರಿಗೇ ಪಾಠ ಹೇಳಕೆ. ಇಂಜೆಕ್ಷನ್ ಕೊಟ್ಟು ಹತ್ತಿಸಿ ಟೇಬಲ್ಲಿಗೆ."

ನನ್ನ ಸಾಕ್ಷಿಗಳಲ್ಲಿ ಒಬ್ಬಳು ಉಲ್ಟಾ ಹೊಡೆದಿದ್ದಳು, ಇನ್ನೊಬ್ಬರು ಡ್ರಮ್ಮು ನೋಡುತ್ತಿದ್ದರು. ವಾದ ಮಾಡಬಹುದಿತ್ತು, ತಲೆಯೊಳಗೆ ಅದು ಸಾಲಾಗಿ ಸಿದ್ಧವೂ ಆಗಿತ್ತು. ಮೇಜಿನ ಓರೆ, ಗಾಳಿಯ ಒತ್ತಡ, ಸೋರುವ ಮುಚ್ಚಳ. ಆಗಲೇ ನನಗೆ ಅನ್ನಿಸಿದ್ದು, ಇದರಲ್ಲಿ ಡಾಕ್ಟರಿಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ನನಗಿಂತ ಹತ್ತು ಪಟ್ಟು ಗೊತ್ತು. ತಿಂದಿದ್ದಾಳೆ ಎಂದು ಖಾತ್ರಿಯಾದರೆ ಅವರು ಚಾಕು ಮುಟ್ಟುವವರೇ ಅಲ್ಲ. ಅವರಿಗೆ ಬೇಕಾದದ್ದು ವಾದವಲ್ಲ, ಒಂದು ಸುದ್ದಿ. ಆ ಸುದ್ದಿ ಕೋಣೆಯಲ್ಲೇ ಇದೆ, ಮೂವರಿಗೆ ಗೊತ್ತಿದೆ, ಆದರೆ ಡಾಕ್ಟರು ಅಲ್ಲಿರುವವರೆಗೆ ಅದು ಹೊರಗೆ ಬರುವುದಿಲ್ಲ. ಕೈ ತಗೋ, ಬಾಯಿ ಬಿಟ್ಟುಬಿಡು ಎಂದಿದ್ದ ಹಿರಿಯರಿಗೆ ಕೊಡಬೇಕಿದ್ದ ಉತ್ತರ ಇದು. ಆ ಬಾಯಿಗೆ ಹೆದರಿ ಎಲ್ಲರೂ ಸೇರಿ ಆ ಒಳ್ಳೆಯ ಕೈಯನ್ನು ಕುರುಡು ಮಾಡಿದ್ದೆವು.

ಉಂಗುರ ಏರಿಸುವ ಉಪಕರಣವನ್ನು ಟ್ರೇಯಲ್ಲಿಟ್ಟೆ.

"ಸರ್, ನೀವು ಸ್ವಲ್ಪ ಹೊತ್ತು ಹೊರಗೆ ನಿಲ್ತೀರಾ?"

"ಏನಂದಿ?"

"ನೀವು ಒಳಗಿದ್ದರೆ ಇಲ್ಲಿ ಯಾರೂ ನಿಜ ಹೇಳೋದಿಲ್ಲ ಸರ್. ನಾನೂ ಸೇರಿ."

ದನಿ ಏರಿಸಲಿಲ್ಲ. ಏರಿಸಲು ಶಕ್ತಿ ಇರಲಿಲ್ಲ ಎಂದರೆ ಸರಿ. ಇದಕ್ಕೆ ಅವರು ನನ್ನನ್ನು ತಂಡದಿಂದ ತೆಗೆಸಿದರೂ ಬೇಸರವಿಲ್ಲ ಎನ್ನುವಷ್ಟು ಸಾಕಾಗಿತ್ತು. ಡಾಕ್ಟರು ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿದರು. ಗ್ಲೌಸು ಕಳಚಿ ಬಕೆಟ್ಟಿಗೆಸೆದು, ಬಾಗಿಲನ್ನು ಮೊಣಕೈಯಿಂದ ನೂಕಿ ಹೊರಗೆ ಹೋದರು.

ಬಾಗಿಲ ರೆಕ್ಕೆ ಅಲುಗಾಡುವುದು ನಿಲ್ಲುವ ಮೊದಲೇ ಆ ಹೆಂಗಸು ಅಳಲು ಶುರು ಮಾಡಿದಳು. ಸಿಸ್ಟರು ಹೋಗಿ ಭುಜ ಹಿಡಿದರು.

"ಎಷ್ಟು ರೊಟ್ಟಿ ತಿಂದೆ ಹೇಳೇ. ಬೈಯದಿಲ್ಲ."

"ಎರಡು. ಕಡೀಗೆ ಅತ್ತೆ ಇನ್ನರ್ಧ ತುರುಕಿದ್ರು. ನಾ ಬ್ಯಾಡ ಅಂದೆ." ಆಕೆ ಮೂಗೊರೆಸಿಕೊಂಡಳು. "ನಿಜ ಹೇಳಿದ್ರೆ ವಾಪಸ್ ಕಳಿಸ್ತೀರಿ ಅಕ್ಕಾ. ಇವತ್ತು ಹೋದ್ರೆ ನಮ್ಮೆಜಮಾನ್ರು ಮತ್ತೆ ಬರಕೆ ಬಿಡದಿಲ್ಲ. ಇನ್ನೊಂದು ಹೆರಕೆ ನನ್ನ ಕೈಲಿ ಆಗದಿಲ್ಲ. ಏನಾದ್ರಾಗಲಿ, ಮಾಡ್ಬಿಡ್ರಿ."

ಅವಳ ಸುಳ್ಳಿಗೆ ಅವಳದೇ ತರ್ಕವಿತ್ತು. ಅದನ್ನು ಮುರಿಯಲು ನನಗೆ ಮನಸ್ಸಾಗಲಿಲ್ಲ.

ಹೊರಗೆ ಹೋಗಿ, "ತಿಂದಿದ್ದಾಳೆ ಸರ್. ಎರಡೂವರೆ ಅಕ್ಕಿ ರೊಟ್ಟಿ, ಚಹಾ" ಎಂದೆ.

"ಕಳಿಸಿ" ಎಂದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಾರಿಡಾರಿನ ಕೊನೆಗೆ ಚೀಲ ಹಿಡಿದು ಕೂತಿದ್ದ ಅತ್ತೆಯ ಹತ್ತಿರ ನೇರ ಹೋದರು.

"ಬುದ್ಧಿ ಇದೆಯಾ ನಿನಗೆ? ಸೊಸೇನ ಕೊಲ್ಲಬೇಕು ಅಂತ ಮಾಡಿದ್ಯಾ?"

ಮುದುಕಿ ಎದ್ದು ನಿಂತಳು. ಎದುರಿಗೆ ವಾರ್ಡಿನ ಜನವೆಲ್ಲ ಬಾಗಿಲಿಗೆ ಬಂದಿದ್ದರು.

"ಎತ್ತಿಗೆ ಸೈತ ಹುಲ್ಲು ಹಾಕದೆ ಗಾಡಿ ಕಟ್ಟದಿಲ್ಲ ನಾವು. ಮನುಷ್ಯರನ್ನ ಖಾಲಿ ಹೊಟ್ಟೆಲಿ ಹೆಂಗ್ ಕೊಯ್ಸದು ಡಾಕ್ಟ್ರೇ? ತಿನ್ನಬಾರ್ದು ಅಂದ್ರೆ ಯಾಕೆ ಅಂತ ಹೇಳ್ಬೇಕು. ಬರೀ ಬೈದ್ರೆ ನಮಗೆ ತಿಳಿಯದು ಹೆಂಗೆ?" ಎಂದವಳೇ ಸೊಸೆಯ ಕೈ ಹಿಡಿದಳು. "ನಡಿಯೇ. ಇನ್ನು ಈ ಬಾಗ್ಲು ತುಳಿಯದಿಲ್ಲ."

ನಾನು ಗೇಟಿನವರೆಗೂ ಹಿಂದೆ ಹೋದೆ. ರೊಟ್ಟಿ ಯಾಕೆ ಬೇಡ, ಮೇಜು ಯಾಕೆ ಓರೆ, ಎಲ್ಲ ಬಿಡಿಸಿ ಹೇಳಿದೆ. ಮುದುಕಿ ಕೇಳಿಸಿಕೊಂಡಳು. "ನೀ ಚಲೋ ಹೇಳ್ತಿ ಮಗಾ. ತಿಳೀತು. ಆದ್ರೆ ಊರಿನ ಜನರ ಮುಂದೆ ಅನ್ನಿಸ್ಕಂಡ ಮೇಲೆ ತಿಳ್ಕಂಡು ಏನು ಮಾಡದು?" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸೊಸೆ ತಿರುಗಿ ತಿರುಗಿ ನೋಡುತ್ತ ಹೋದಳು. ಜೀವ ಉಳಿಸಿದೆವು ಎಂದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಅವಳು ಹೇಳಿದ ಇನ್ನೊಂದು ಹೆರಿಗೆ ಕಣ್ಣ ಮುಂದಿತ್ತು.

ವಾಪಸ್ ಬರುವಾಗಲೂ ಹಿಂದಿನ ಸೀಟೇ. ಉಡುತಡಿ ಕಡೆ ತಿರುಗುವ ದಾರಿ ದಾಟಿದ ಮೇಲೆ ಡಾಕ್ಟರು ಕಣ್ಣು ಮುಚ್ಚಿಕೊಂಡೇ ಕೇಳಿದರು:

"ನೀನೂ ಸೇರಿ ಅಂದ್ಯಲ್ಲ. ನೀನು ಏನು ಹೇಳಿಲ್ಲ?"

"ಸಕ್ಷನ್ ಜಾರಿನ ಮುಚ್ಚಳ ಸೋರುತ್ತೆ ಸರ್. ಹೇಳಿದ್ದೆ. ನೀನೇನು ಇಂಜಿನಿಯರಾ ಅಂದಿರಿ. ಆಮೇಲೆ ಹೇಳಿಲ್ಲ."

ಅವರು ಕಣ್ಣು ತೆರೆದರು. "ಇಷ್ಟು ತಾಲ್ಲೂಕು ನಾನೊಬ್ಬನೇ ಓಡಾಡ್ತೀನಿ. ಗೊತ್ತಾ ನಿನಗೆ?" ಎಂದರು. ಅದಕ್ಕೆ ನನ್ನ ಬಳಿ ಒಳ್ಳೆಯ ಮಾರುತ್ತರವಿತ್ತು. ಸಿಸ್ಟರೂ ಒಬ್ಬರೇ ಸರ್, ಅನ್ನಬಹುದಿತ್ತು. ಅನ್ನಲಿಲ್ಲ. "ಗೊತ್ತು ಸರ್" ಎಂದೆ. ಗೊತ್ತಿದ್ದದ್ದೂ ನಿಜವೇ.

ಮುಂದಿನ ಕ್ಯಾಂಪಿಗೆ ಹೊಸ ಜಾರು ಬಂತು. ಕ್ಷಮೆ ಬರಲಿಲ್ಲ. ಸಿಸ್ಟರಿಗೆ ಫೋನು ಮಾಡುವುದನ್ನು ಬಿಟ್ಟುಬಿಡಿ ಎಂದು ಡ್ರೈವರನಿಗೆ ಹೇಳಿದೆ. "ಮಳಿ ಬರ್ತೈತಿ ಅಂತ ಹೇಳೋದು ಬಿಟ್ರ ಮಳಿ ನಿಲ್ತದೇನ್ರಿ ಮೇಡಂ?" ಎಂದು ನಕ್ಕು ಅವನು ಮಾಡುತ್ತಲೇ ಇದ್ದಾನೆ. ಬದಲಾದದ್ದು ಒಂದೇ. ಪ್ರತಿ ಹೆಂಗಸನ್ನೂ ಮೇಜಿಗೆ ಹತ್ತಿಸುವ ಮುಂಚೆ ಡಾಕ್ಟರು ಹೊರಗೆ ನಿಲ್ಲುತ್ತಾರೆ, ಸಿಸ್ಟರು ಒಳಗೆ ಕೇಳುತ್ತಾರೆ. ಯಾರೂ ಆದೇಶ ಮಾಡಿದ್ದಲ್ಲ. ಮೊದಲ ಸಲ ನಾನು ಬಾಗಿಲ ಕಡೆ ನೋಡಿದೆ, ಅವರು ಗೊಣಗುತ್ತ ಹೋದರು. "ಮುಗೀತಾ ನಿಮ್ಮ ಗುಟ್ಟು?" ಎಂದು ಹೊರಗಿನಿಂದ ಕೂಗುತ್ತಾರೆ. ಗ್ಲೌಸು ಎಸೆಯುವುದೂ ನಿಂತಿಲ್ಲ. ಹೊರಗೆ ನಿಲ್ಲುವವರು ಅವರು, ಬದಲಾದವರಲ್ಲ.

ಗುಡವಿಯವಳ ಸುದ್ದಿಗಾಗಿ ಸಿಸ್ಟರು ಆಶಾ ಕಾರ್ಯಕರ್ತೆಗೆ ಮತ್ತೆ ಮತ್ತೆ ಫೋನು ಮಾಡಿದರು. ಮುದುಕಿ ಜಗ್ಗಲಿಲ್ಲ. ಒಂದು ಕ್ಯಾಂಪು ಹೋಯಿತು, ಇನ್ನೊಂದೂ ಹೋಯಿತು. ಕೊನೆಗೆ ಅವಳಿಂದ ಒಂದು ಷರತ್ತು ಬಂತು. ಡಾಕ್ಟರು ನಮ್ಮ ಹತ್ತಿರ ಒಂದು ಮಾತೂ ಆಡಬಾರದು, ಹಾಗಿದ್ದರೆ ಬರುತ್ತೇವೆ. ಅದನ್ನು ಡಾಕ್ಟರಿಗೆ ತಿಳಿಸುವ ಕೆಲಸ ನನ್ನದಾಯಿತು. ಪೀಠಿಕೆ ಹಾಕದೆ ಹೇಳಿದೆ.

"ಬರ್ಲಿ" ಎಂದರು, ಕೈ ಒರೆಸಿಕೊಳ್ಳುತ್ತ.

ಬಂದರು. ಸಿಸ್ಟರು ಆಕೆಯನ್ನು ಒಳಗೆ ಕೂರಿಸಿಕೊಂಡು ಕೇಳಿದರು: "ಏನು ತಿಂದೆ?"

"ನಿನ್ನೆ ಸಂಜೆ ಗಂಜಿ. ಇವತ್ತು ನಮ್ಮೆಜಮಾನ್ರ ಬೈಗುಳ ಬಿಟ್ರೆ ಏನೂ ಇಲ್ರೀ."

ಸಿಸ್ಟರು ನಕ್ಕರು. ನಾನು ಆ ಥಿಯೇಟರಿನೊಳಗೆ ಅವರ ನಗು ಕೇಳಿದ್ದು ಅದೇ ಮೊದಲು. ಆಮೇಲೆ ಅವಸರವಿಲ್ಲದೆ ಉಳಿದದ್ದನ್ನು ಕೇಳತೊಡಗಿದರು. ಮುಟ್ಟು ಯಾವಾಗ ಆಯಿತು, ಕೆಮ್ಮು ಇದೆಯಾ, ಮನೆಯಲ್ಲಿ ಒಪ್ಪಿದರಾ, ನಿನಗೆ ಒಪ್ಪಿಗೆ ಇದೆಯಾ.

ಬಾಗಿಲಿನ ದುಂಡು ಗಾಜಿನಿಂದ ನೋಡಿದೆ. ಕಾರಿಡಾರಿನ ಬೆಂಚಿನ ಒಂದು ತುದಿಗೆ ಮುದುಕಿ ಕೂತಿದ್ದಳು. ಡಾಕ್ಟರು ಇನ್ನೊಂದು ತುದಿಯ ಹತ್ತಿರ ಕೈ ಕಟ್ಟಿ ನಿಂತಿದ್ದರು. ಕೊಟ್ಟ ಮಾತಿನಂತೆ ತುಟಿ ಬಿಗಿದಿದ್ದರು. ನನ್ನನ್ನು ಕಂಡವರೇ ಆಯಿತಾ ಎಂಬಂತೆ ಗದ್ದ ಎತ್ತಿದರು.

ಸಿಸ್ಟರು ಒಳಗಿನಿಂದಲೇ, "ಇನ್ನೂ ಇದೆ ಕೇಳದು. ಕೂರಕೆ ಹೇಳು ಅವರಿಗೆ" ಎಂದರು.

ಬಾಗಿಲು ಸರಿಸಿ, "ಇನ್ನೂ ಆಗಿಲ್ಲ ಸರ್, ಕೂತ್ಕೊಳ್ಳಿ" ಎಂದೆ.

ಮುದುಕಿ ತನ್ನ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಜಾಗ ಮಾಡಿದಳು. ಅವರು ಕೂತರು.